ಎಡಗೈ ಪಾಠ

ಊರ್ಗಾಂ ಸ್ಟೇಷನ್ನಿನ ಹಿಂದೆ, ತಗಡು ಹೊದಿಸಿದ ಮನೆ.
ಯೂಲಾಲಿ ಟೀಚರು ಪಿಯಾನೊದ ಕಾಲುಗಳನ್ನು
ಸೀಮೆಎಣ್ಣೆಯ ಬಟ್ಟಲುಗಳಲ್ಲಿ ನಿಲ್ಲಿಸಿದ್ದರು.
ಗೆದ್ದಲಿಗೆ ಸಂಗೀತದ ಹೆದರಿಕೆ ಇಲ್ಲವಂತೆ.

ನನ್ನಪ್ಪ ಚಾಂಪಿಯನ್ ರೀಫಿನಲ್ಲಿ ವೈಂಡಿಂಗ್ ಡ್ರೈವರು.
ಗಂಟೆ ಎಣಿಸಿ ಆಳುಗಳನ್ನು ಇಳಿಸುವವನು, ಎತ್ತುವವನು.
ಮೂರು ಬಡಿದರೆ ಜನ, ಒಂದು ಬಡಿದರೆ ನಿಲ್ಲು.
'ತಾಳ ನಿಮ್ಮ ಮನೇಲೇ ಇದೆ ಬಿಡು' ಎಂದು
ನನ್ನನ್ನು ಸೇರಿಸಿಕೊಂಡರು.
ತಿಂಗಳಿಗೆ ಹದಿನೈದು ರೂಪಾಯಿ,
ಇಲ್ಲದ ತಿಂಗಳು ನಾಟಿ ಮೊಟ್ಟೆ.

ಮೊದಲ ಆರು ತಿಂಗಳು ಬರೀ ಎಡಗೈ.
ಬಲಗೈ ತೊಡೆಯ ಕೆಳಗೆ, ಜೋಮು ಹಿಡಿದು.
'ಹೊಗಳಿಕೆಯೆಲ್ಲ ಬಲಗೈಗೆ ಹೋಗುತ್ತದೆ ಮುನಿಸಂಜೀವ,
ಕೆಳಗಿನ ಪಾಳಿ ಎಡಗೈಯದು.
ಕೆಳಗೆ ಯಾರೂ ಇಲ್ಲದಿದ್ದರೆ
ಮೇಲೆ ಏನು ನಡೆದೀತು, ನಿಮ್ಮಪ್ಪನ್ನ ಕೇಳು.'

ಸಿಡಿಮದ್ದಿನ ಹೊತ್ತು ಅವರಿಗೆ ಬಾಯಿಪಾಠ.
ಗಡಿಯಾರ ನೋಡುವರು, ನನ್ನ ಕೈ ಎತ್ತಿಸುವರು,
ಬಲಗಡೆಯ ಪೆಡಲನ್ನು ಒತ್ತಿ ಹಿಡಿದು ಕಾಯುವರು.
ಮೈಲಿಯಾಳದಲ್ಲಿ ಬಂಡೆ ಬಿರಿಯುವುದು.
ಗೂಡಿನ ಪಿಂಗಾಣಿ ಬಸಿ ಒಂದು ಸಲ ಕಿಣಿ ಎಂದು,
ಆಮೇಲೆ, ಯಾರೂ ಮುಟ್ಟದ ಮಂದ್ರದ ತಂತಿಗಳು
ನಿದ್ದೆಯಲ್ಲಿ ಹೆಸರು ಕೇಳಿದವರ ಹಾಗೆ
ಹ್ಞೂಂ ಎನ್ನುವವು.
'ಕೇಳಿಸಿತಾ? ಈಗ ನುಡಿಸು. ಅದಕ್ಕಿಂತ ಮೆಲ್ಲಗೆ.'

ಒಮ್ಮೆ ಕೇಳಿದ್ದೆ: ಟೀಚರ್, ನೀವು ಕಛೇರಿ ಯಾಕೆ ಬಿಟ್ಟಿರಿ?
ಸೈನೈಡ್ ದಿಬ್ಬದ ಗಾಳಿಧೂಳು ಮನೆಗಳ ಮೇಲೆ ಬೂದಿಯಾಗಿ ಕೂತಿತ್ತು,
ಸೆರಗಲ್ಲ, ಸ್ಕರ್ಟಿನ ಅಂಚಿನಿಂದ ಒರೆಸುತ್ತ ಅಂದರು:
'ಕಛೇರಿಯಲ್ಲಿ ತಪ್ಪು ಒಂದೇ ಸಲ ಕೇಳಿಸುತ್ತದೆ.
ಪಾಠದಲ್ಲಿ ಅದೇ ತಪ್ಪನ್ನು ಮೂವತ್ತು ವರ್ಷ ಕೇಳಬೇಕು.
ಯಾವುದು ದೊಡ್ಡ ಕೆಲಸ, ನೀನೇ ಹೇಳು.'
ಹೇಳಲಿಲ್ಲ. ಅವರೂ ಕಾಯಲಿಲ್ಲ.

ಆದರೆ ರಾತ್ರಿ ಒಂಬತ್ತರ ಮೇಲೆ, ಮಕ್ಕಳೆಲ್ಲ ಹೋದ ಮೇಲೆ,
ಕಿಟಕಿ ತೆರೆದಿಟ್ಟು ನುಡಿಸುತ್ತಿದ್ದರು.
ರಾತ್ರಿಪಾಳಿಯವರು ಸೈಕಲ್ಲಿಂದ ಇಳಿಯದೆ
ಒಂದು ಕಾಲು ನೆಲಕ್ಕೆ ಊರಿ ನಿಲ್ಲುತ್ತಿದ್ದರು,
ತಲೆಯ ಮೇಲೆ ಹೆಲ್ಮೆಟ್ಟು, ಕ್ಯಾರಿಯರಿನಲ್ಲಿ ಊಟದ ಡಬ್ಬಿ.
ಚಪ್ಪಾಳೆ ಇಲ್ಲ. ಒಂದೆರಡು ಬೆಲ್ಲು, ಅಷ್ಟೆ.

ನಾನು ಬೆಂಗಳೂರಿನ ಹೋಟೆಲೊಂದರಲ್ಲಿ
ಒಂಬತ್ತು ವರ್ಷ ಚಮಚಗಳ ನಡುವೆ ನುಡಿಸಿದೆ.
ಆಮೇಲೆ ಕೋಲಾರ: ಡೂಂಲೈಟ್ ಸರ್ಕಲ್ಲಿನ ಹತ್ತಿರ
ಹುರಿಗಡಲೆ ಅಂಗಡಿಯ ಮೇಲಿನ ಕೋಣೆ,
ಎರಡು ಕೀಬೋರ್ಡು, ಹದಿಮೂರು ಮಕ್ಕಳು.
ಗಣಿಗೆ ಬೀಗ ಬಿದ್ದಾಗ ಗಂಟೆ ಮರೆತ ಅಪ್ಪ
ಮೂಲೆಯಲ್ಲಿ ಕೂತು ಎಲ್ಲರ ತಾಳ ತಿದ್ದುತ್ತಾನೆ.

ಟೀಚರು ಹೋದ ಚಳಿಗಾಲ ಪಿಯಾನೊ ಬಂತು,
ಟೊಮೇಟೊ ಕ್ರೇಟು ಸಾಗಿಸುವ ಟೆಂಪೊದಲ್ಲಿ,
ಹಗ್ಗ ಬಿಗಿದು, ಹಳೇ ಕಂಬಳಿ ಹೊದ್ದು.
ಎಂಟು ಜನ ಹೊತ್ತರು. ಒಬ್ಬ ಕೇಳಿದ, 'ಒಳಗೆ ಯಾರಾದರೂ ಇದಾರಾ?'

ಇದ್ದದ್ದು ಒಂದು ಲೆಕ್ಕದ ಪುಸ್ತಕ.
ಎಡ ಪುಟದಲ್ಲಿ ಕಛೇರಿ: ಮದರಾಸು, ಎರಡು.
ಕೇಳಲು ಬಂದವರು: ಒಮ್ಮೆ ನೂರ ನಲವತ್ತು, ಒಮ್ಮೆ ಹನ್ನೊಂದು.
ಅಲ್ಲಿಗೆ ಎಡ ಪುಟ ಮುಗಿಯಿತು.
ಬಲ ಪುಟಗಳು ತುಂಬಿ, ಅಂಚಿಗೆ ಹತ್ತಿ, ರಟ್ಟಿನ ಒಳಗೂ ಪಾಠ.
ನನ್ನ ಹೆಸರ ಮುಂದೆ ಪೆನ್ಸಿಲಿನಲ್ಲಿ:
ಎಡಗೈ, ಪರವಾಗಿಲ್ಲ.
ಅದರ ಕೆಳಗೆ:
ಬಾಕಿ, ಮೊಟ್ಟೆ ಆರು.

ಇವತ್ತು ಫರ್ಹೀನ್ ಬಂದಳು, ಮಂಡಿ ಏಜೆಂಟರ ಮಗಳು.
ಕೈ ಎತ್ತು, ಎಂದೆ. ಪೆಡಲು ಒತ್ತಿ ಹಿಡಿದೆ.
ನೆಲದಡಿ ಏನೂ ಸಿಡಿಯುವುದಿಲ್ಲ ಎಂದು ಗೊತ್ತು.
ಕೆಳಗೆ ಲಾರಿಯೊಂದು ಗೇರು ಬದಲಿಸಿ ಮಂಡಿಯ ಕಡೆ ಏರಿತು.
ತಂತಿಯೊಂದು, ಇತ್ತೋ ಇಲ್ಲವೋ ಎಂಬಷ್ಟು.
ಅಪ್ಪ ಮೂಲೆಯಲ್ಲಿ ತಲೆ ಎತ್ತಿದ.
ಅವಳು ಮಾತ್ರ, ಕೈ ಗಾಳಿಯಲ್ಲಿ ಹಿಡಿದೇ, ಕೇಳಿದಳು:
'ಇದೂ ಪಾಠದ ಲೆಕ್ಕಕ್ಕೆ ಬರತ್ತಾ ಸಾರ್?'